ಹದಕ್ಕೆ ಬರುವ ದಂಡು: ಚಿಕ್ಕೋಡಿ ಸೀಮೆಯಿಂದ ಕಂಡ ಸೇನಾ ಮೈತ್ರಿ

ಚಿಕ್ಕೋಡಿ ಮತ್ತು ಮುನವಳ್ಳಿ. ಹತ್ತೊಂಬತ್ತನೆಯ ಶತಮಾನದ ಮೊದಲ ಮೂವತ್ತು ವರ್ಷಗಳ ಕರಾರುಪತ್ರಗಳಲ್ಲಿ ಈ ಎರಡು ಊರುಗಳ ಹೆಸರು ಜೋಡೆತ್ತುಗಳ ಹಾಗೆ ಒಟ್ಟಿಗೇ ಬರುತ್ತವೆ. ಕೊಲ್ಹಾಪುರದ ಅರಸರು ಇವು ತಮ್ಮವೆನ್ನುತ್ತಿದ್ದರು. ನಿಪ್ಪಾಣಿಯ ದೇಸಾಯಿ ಸಿದ್ದೋಜಿರಾವ್ ನಿಂಬಾಳ್ಕರ್ ಪೇಶ್ವೆಯ ಬೆಂಬಲ ಹಿಡಿದು ಅವನ್ನು ದಕ್ಕಿಸಿಕೊಂಡಿದ್ದ. 1812ರಲ್ಲಿ ಈಸ್ಟ್ ಇಂಡಿಯಾ ಕಂಪನಿ ನಡುವೆ ಬಂತು. ಕೊಲ್ಹಾಪುರಕ್ಕೆ ರಕ್ಷಣೆಯ ಮಾತು ಕೊಟ್ಟಿತು, ಪ್ರತಿಯಾಗಿ ಮಾಲವಣ ಬಂದರನ್ನು ಬರೆಸಿಕೊಂಡಿತು, ಚಿಕ್ಕೋಡಿ-ಮುನವಳ್ಳಿಯ ಮೇಲಿನ ಹಕ್ಕನ್ನೂ ಬಿಡಿಸಿತು. ಆರು ವರ್ಷ ಕಳೆಯುವಷ್ಟರಲ್ಲಿ ಪೇಶ್ವೆಗೂ ಕಂಪನಿಗೂ ಯುದ್ಧವಾಯಿತು. ಕೊಲ್ಹಾಪುರ ಕಂಪನಿಯ ಕಡೆ ನಿಂತಿತು, ಆ ನೆರವಿನ ಬಹುಮಾನವಾಗಿ ಅವೇ ಎರಡು ಸೀಮೆಗಳು 1818ರಲ್ಲಿ ಕೊಲ್ಹಾಪುರಕ್ಕೆ ಮರಳಿದವು. 1827ರಲ್ಲಿ ಕಂಪನಿ ಅವನ್ನು ಮತ್ತೆ ಕಸಿದುಕೊಂಡಿತು. ಹದಿನೈದು ವರ್ಷ, ಮೂರು ಕರಾರು. ಮೂರರಲ್ಲೂ ಸ್ನೇಹದ ಮಾತಿತ್ತು, ಮೂರರಲ್ಲೂ ಇಲ್ಲಿನ ನೆಲ ಯಾರದೋ ಕೈಯಿಂದ ಯಾರದೋ ಕೈಗೆ ಹೋಯಿತು.

ಮಿತ್ರರಾಷ್ಟ್ರಗಳ ಜೊತೆ ಸೇನಾ ಸಹಕಾರ ಎಷ್ಟು ಫಲ ಕೊಡುತ್ತದೆ ಎಂಬ ಪ್ರಶ್ನೆಯನ್ನು ಇಂದು ದೆಹಲಿಯಲ್ಲೂ ವಾಷಿಂಗ್ಟನ್ನಿನಲ್ಲೂ ಪರಿಣತರು ಚರ್ಚಿಸುತ್ತಾರೆ. ಅದನ್ನು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ನೆಲದಲ್ಲಿ ನಿಂತು ಕೇಳಲು ಎರಡು ಕಾರಣಗಳಿವೆ. ಒಂದು, ಸೇನಾ ಮೈತ್ರಿಯ ಇಷ್ಟು ಪ್ರಯೋಗಗಳು ನಡೆದ ಸೀಮೆಗಳು ಕರ್ನಾಟಕದಲ್ಲಿ ಕಡಿಮೆ. ಇನ್ನೊಂದು, ನಮ್ಮ ಜಿಲ್ಲಾ ಕೇಂದ್ರ ಬೆಳಗಾವಿಯ ದಂಡಿನ ಪ್ರದೇಶಕ್ಕೆ ಕಳೆದ ಎರಡು ದಶಕಗಳಲ್ಲಿ ಚೀನಾದಿಂದ ಹಿಡಿದು ಜಪಾನಿನವರೆಗೆ ಹಲವು ದೇಶಗಳ ಸೈನಿಕರು ಜಂಟಿ ಸಮರಾಭ್ಯಾಸಕ್ಕೆ ಬಂದು ಹೋಗಿದ್ದಾರೆ. ಭರತಿಗೆಂದು ಅದೇ ದಂಡಿಗೆ ಓಡುವ ಹುಡುಗರು ನಿಪ್ಪಾಣಿ, ಚಿಕ್ಕೋಡಿ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ಈ ಲೆಕ್ಕ ಅವರ ಮನೆಯ ಲೆಕ್ಕವೂ ಹೌದು.

ಒಕ್ಕಲುತನದಲ್ಲಿ ಮುಯ್ಯಾಳು ಎಂಬ ಪದ್ಧತಿ ಇದೆ. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಮುಯ್ಯಿಗೆ ಬಂದವನನ್ನು ಅಳೆಯುವುದು ಅವನು ಎಷ್ಟು ಜನರನ್ನು ಕರೆತಂದ ಎಂಬುದರಿಂದಲ್ಲ. ಹದ ಇದ್ದಾಗ ಬಂದನೋ, ಹದ ಆರಿದ ಮೇಲೆ ಬಂದನೋ ಎಂಬುದರಿಂದ. ಬಂದವನು ನನ್ನ ಹೊಲ ಮುಗಿಸಿದನೋ, ಅರ್ಧಕ್ಕೆ ಬಿಟ್ಟು ತನ್ನ ಅಣ್ಣನ ಹೊಲಕ್ಕೆ ಹೋದನೋ ಎಂಬುದರಿಂದ. ಸೇನಾ ಮೈತ್ರಿಗೆ ಇದಕ್ಕಿಂತ ಒಳ್ಳೆಯ ಅಳತೆ ನನಗೆ ಸಿಕ್ಕಿಲ್ಲ.

ಈ ಅಳತೆಯನ್ನು ಮೊದಲು ಮೂರನೆಯ ಮೈಸೂರು ಯುದ್ಧಕ್ಕೆ ಹಿಡಿಯೋಣ. ಟಿಪ್ಪು ಸುಲ್ತಾನನ ವಿರುದ್ಧ 1790ರ ಜೂನ್ 1ರಂದು ಪುಣೆಯಲ್ಲಿ ಮರಾಠರೂ ಕಂಪನಿಯೂ ಕರಾರು ಮಾಡಿಕೊಂಡರು, ಮರುತಿಂಗಳು ಹೈದರಾಬಾದಿನ ನಿಜಾಮನೂ ಸೇರಿದ. ಗೆದ್ದ ನೆಲವನ್ನು ಸಮನಾಗಿ ಹಂಚಿಕೊಳ್ಳುವುದೆಂದೂ ಕಂಪನಿಯ ಎರಡು ಪಲ್ಟಣಗಳು ಮರಾಠರ ಸೇನೆಯೊಂದಿಗೆ ಇರುವುದೆಂದೂ ಮಾತಾಯಿತು. ಮರಾಠರ ಕಡೆಯ ಮುಖ್ಯ ದಳಪತಿಗಳಲ್ಲಿ ಒಬ್ಬ ಪರಶುರಾಮಭಾವು ಪಟವರ್ಧನ್. ಕಾಗವಾಡದಿಂದ ಗಡಿ ದಾಟಿದರೆ ಸಿಗುವ ಮೀರಜ್, ಆಚೆಗಿನ ಸಾಂಗ್ಲಿ, ತಾಸಗಾಂವ್, ಕುರುಂದವಾಡ, ಈಚೆಗಿನ ಜಮಖಂಡಿ, ಈಗ ಕಾಗವಾಡ ತಾಲೂಕಿನಲ್ಲಿರುವ ಶೇಡಬಾಳ ಎಲ್ಲವೂ ಪಟವರ್ಧನ ಮನೆತನದ ಕವಲುಗಳ ಜಹಗೀರುಗಳು. ಮುಂಬಯಿಯಿಂದ ಬಂದ ಕ್ಯಾಪ್ಟನ್ ಲಿಟಲ್‌ನ ಪಲ್ಟಣಗಳು ಘಟ್ಟ ಹತ್ತಿ ಭಾವುವಿನ ದಂಡನ್ನು ಕೂಡಿಕೊಂಡು, ಕೃಷ್ಣೆ ದಾಟಿ ದಕ್ಷಿಣಕ್ಕೆ ನಡೆದವು.

ಮೊದಲ ಪರೀಕ್ಷೆ ಧಾರವಾಡದ ಕೋಟೆ. 1790ರ ಸೆಪ್ಟೆಂಬರಿನಲ್ಲಿ ಹಾಕಿದ ಮುತ್ತಿಗೆ ಮುಗಿದದ್ದು 1791ರ ಏಪ್ರಿಲ್ ಮೊದಲ ವಾರದಲ್ಲಿ. ಆರು ತಿಂಗಳಿಗೂ ಮಿಕ್ಕಿ ಒಳಗೆ ಕೂತು ತಡೆದವನು ಟಿಪ್ಪುವಿನ ಕಿಲ್ಲೇದಾರ ಬದ್ರುಜ್ಜಮಾನ್ ಖಾನ್. ಹೊರಗಿನ ಮಿತ್ರರ ಕತೆಯನ್ನು ಲಿಟಲ್‌ನ ಪಡೆಯಲ್ಲಿದ್ದ ಎಡ್ವರ್ಡ್ ಮೂರ್ 1794ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದ. ಮರಾಠರ ಇತಿಹಾಸ ಬರೆದ ಗ್ರಾಂಟ್ ಡಫ್‌ ಈ ಮುತ್ತಿಗೆಯ ಚಿತ್ರವನ್ನು ಇನ್ನಷ್ಟು ಗಟ್ಟಿ ಮಾಡಿದ. ಅವರ ಪ್ರಕಾರ ಮರಾಠರ ತೋಪಿನವರು ಒಂದು ಗುಂಡು ಹಾರಿಸಿ ಕೂತು, ಗುಡಗುಡಿ ಸೇದಿ, ಮಾತಾಡಿ, ಅರ್ಧ ತಾಸಿನ ಮೇಲೆ ಮತ್ತೊಂದು ತುಂಬುತ್ತಿದ್ದರು. ಮಧ್ಯಾಹ್ನದ ಹೊತ್ತು ಎರಡೂ ಕಡೆ ವಿರಾಮ. ಓದಿದವರಿಗೆ ತಪ್ಪೆಲ್ಲ ಭಾವುವಿನದೇ ಅನ್ನಿಸುತ್ತದೆ. ಆದರೆ ಅದೇ ದಾಖಲೆಗಳಲ್ಲಿ ಇನ್ನೊಂದು ಸಂಗತಿ ಇದೆ. ಕೋಟೆ ಒಡೆಯಲು ಬೇಕಾದಷ್ಟು ದೊಡ್ಡ ತೋಪುಗಳನ್ನು ಮುಂಬಯಿ ಸರ್ಕಾರ ಕಳಿಸಲಿಲ್ಲ. ಕರ್ನಲ್ ಫ್ರೆಡರಿಕ್‌ನ ಕೈಕೆಳಗೆ ಇನ್ನಷ್ಟು ಸಿಪಾಯಿಗಳನ್ನು ಕಳಿಸಿತು, ಸಾಕಷ್ಟು ತೋಪುಗಳನ್ನಲ್ಲ. ಫ್ರೆಡರಿಕ್ ಆ ಮುತ್ತಿಗೆಯಲ್ಲೇ ತೀರಿಕೊಂಡ. ಮೈತ್ರಿಯ ಮೌಲ್ಯಮಾಪನ ಓದುವಾಗ ಮೊದಲು ಕೇಳಬೇಕಾದದ್ದು ಅದನ್ನು ಬರೆದವರು ಯಾರು ಎಂಬುದು. ಇಬ್ಬರು ಸೇರಿ ಮಾಡಿದ ಕೆಲಸದ ವರದಿಯನ್ನು ಒಬ್ಬನೇ ಬರೆದರೆ ಗುಡಗುಡಿ ಇನ್ನೊಬ್ಬನ ಕೈಯಲ್ಲೇ ಇರುತ್ತದೆ.

ಧಾರವಾಡದ ತಡ ಶ್ರೀರಂಗಪಟ್ಟಣದಲ್ಲಿ ಬೆಲೆ ಕೇಳಿತು. 1791ರ ಮೇ ತಿಂಗಳಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ರಾಜಧಾನಿಯ ಬಾಗಿಲಿಗೆ ಬಂದ, ಅರಕೆರೆಯ ಬಳಿ ಗೆದ್ದ. ಆದರೆ ದಂಡಿನಲ್ಲಿ ಧಾನ್ಯ ಮುಗಿದಿತ್ತು, ತೋಪು ಎಳೆಯುವ ಎತ್ತುಗಳು ಸಾಲುಸಾಲಾಗಿ ಸಾಯುತ್ತಿದ್ದವು, ಮಳೆ ಹಿಡಿದಿತ್ತು. ಮರಾಠರ ಸುದ್ದಿಯೇ ಇರಲಿಲ್ಲ. ಆತ ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆಸಿ ಹಿಂದೆ ತಿರುಗಿದ. ಹಿಂದೆ ನಡೆದ ಮೊದಲ ದಿನವೇ, ಮೇ 26ರಂದು, ಕುದುರೆ ಸವಾರರು ಕಂಡರು. ಶತ್ರುಗಳೆಂದು ಗುಂಡು ಹಾರಿಸಿಯೂ ಆಯಿತು. ಅವರು ಹರಿಪಂತ್ ಫಡಕೆ ಮತ್ತು ಪರಶುರಾಮಭಾವುವಿನ ಮುಂಚೂಣಿಯವರು. ಮರಾಠರು ಕಳಿಸಿದ್ದ ಕಾಗದಗಳನ್ನು ಟಿಪ್ಪುವಿನ ಬೇಹಿನವರು ದಾರಿಯಲ್ಲೇ ತಡೆದಿದ್ದರು. ಮರಾಠರ ಬಜಾರಿನಲ್ಲಿ ಧಾನ್ಯದ ರಾಶಿಯೇ ಇತ್ತು, ದರ ಮಾತ್ರ ಹಸಿದವನ ಜೇಬು ನೋಡಿ ಹೇಳಿದ್ದು. ನಾಲ್ಕು ದಿನ ಮೊದಲು ಒಂದು ಕಾಗದ ತಲುಪಿದ್ದರೆ ಆ ತೋಪುಗಳು ಉಳಿಯುತ್ತಿದ್ದವು. ಹಂಗಾಮಿನ ಶ್ರಮವೆಲ್ಲ ಉಳಿಯುತ್ತಿತ್ತೋ ಏನೋ. ಪಡೆಗಳ ಸಂಖ್ಯೆ, ಧೈರ್ಯ, ಕರಾರಿನ ಕಲಮು ಎಲ್ಲ ಸರಿಯಿದ್ದೂ ಸುದ್ದಿಯ ಎಳೆ ತುಂಡಾದದ್ದರಿಂದ ಕೆಟ್ಟ ಕೆಲಸ ಇದು. ಇಂದಿನ ಸಮರಾಭ್ಯಾಸಗಳಲ್ಲಿ ವಾರಗಟ್ಟಲೆ ರೇಡಿಯೊ, ಸಂಕೇತ, ನಕ್ಷೆ ಹೊಂದಿಸುವುದರಲ್ಲೇ ಕಳೆಯುತ್ತಾರಲ್ಲ ಎಂದು ಬೇಸರಪಡುವವರು ಆ ಮೇ 26ನ್ನು ನೆನೆಯಬೇಕು.

ಎರಡನೆಯ ಸಲ ಎಡವಿದ್ದು ಬೇರೆ ಕಡೆ. 1791ರ ಡಿಸೆಂಬರ್ ಕೊನೆಗೆ ಶಿವಮೊಗ್ಗದ ಹತ್ತಿರ ಗಾಜನೂರಿನ ಕಾಡಿನಲ್ಲಿ ಲಿಟಲ್‌ನ ಸಿಪಾಯಿಗಳು ಟಿಪ್ಪುವಿನ ಪಡೆಯನ್ನು ಮುರಿದರು, ಶಿವಮೊಗ್ಗ ಕೈಗೆ ಬಂತು. ಅಲ್ಲಿಂದ ಭಾವು ಶ್ರೀರಂಗಪಟ್ಟಣದ ಕೊನೆಯ ಮುತ್ತಿಗೆಗೆ ಕೂಡಿಕೊಳ್ಳಬೇಕಿತ್ತು. ಆತ ಬಿದನೂರಿನ ಕಡೆ ತಿರುಗಿದ. 1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸ್ ದಾಳಿ ಇಟ್ಟಾಗ ಭಾವು ಅಲ್ಲಿರಲಿಲ್ಲ. ಕಂಪನಿಯ ದೃಷ್ಟಿಯಲ್ಲಿ ಇದು ಮಾತಿಗೆ ತಪ್ಪಿದ್ದು. ಮರಾಠರ ದೃಷ್ಟಿಯಲ್ಲಿ ಬಿದನೂರೇ ಫಸಲು. ಶತ್ರು ಒಬ್ಬನೇ ಆದರೂ ಗುರಿ ಒಂದೇ ಆಗಿರಲಿಲ್ಲ. 1791ರಲ್ಲೇ ಭಾವುವಿನ ದಂಡಿನ ಜೊತೆ ಬಂದ ಲೂಟಿಗಾರರು ಶೃಂಗೇರಿ ಮಠವನ್ನು ಸೂರೆಗೈದದ್ದೂ, ಮಠದ ಜೀರ್ಣೋದ್ಧಾರಕ್ಕೆ ಟಿಪ್ಪು ನೆರವು ಕೊಟ್ಟದ್ದೂ ನಡೆಯಿತು. ಮಿತ್ರಸೇನೆ ತುಳಿದು ಹೋದ ದಾರಿಯ ಜನರ ಪಾಲಿಗೆ ಅದು ಯಾರ ಮಿತ್ರ ಎಂಬ ಕಾಲಂ ಯಾವ ಮೌಲ್ಯಮಾಪನದಲ್ಲೂ ಇರುವುದಿಲ್ಲ. ಇರಬೇಕು.

ಇಷ್ಟೆಲ್ಲ ಆದರೂ 1792ರ ಮಾರ್ಚಿನ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ ಕೊಡಬೇಕಾಯಿತು. ಮರಾಠರ ಗಡಿ ತುಂಗಭದ್ರೆಯವರೆಗೆ ಹೋಯಿತು. ಅಂದು ಪುಣೆಯಲ್ಲಿ ಯಾರನ್ನು ಕೇಳಿದರೂ ಮೈತ್ರಿ ಫಲಿಸಿತೆಂದೇ ಹೇಳುತ್ತಿದ್ದರು. 1799ರಲ್ಲಿ ಟಿಪ್ಪು ಬಿದ್ದ. ಅದೇ ಸೆಪ್ಟೆಂಬರಿನಲ್ಲಿ, ನಮ್ಮ ಚಿಕ್ಕೋಡಿ ಸೀಮೆಯ ಪಟ್ಟಣಕುಡಿಯಲ್ಲಿ, ಕೊಲ್ಹಾಪುರದವರೊಂದಿಗಿನ ಕಾಳಗದಲ್ಲಿ ಪರಶುರಾಮಭಾವು ಸತ್ತ. ದೂರದ ಶತ್ರುವಿನ ಮೇಲೆ ಪರದೇಶಿಗಳ ಜೊತೆಗೂಡಿ ಗೆದ್ದವನು ಮನೆಯಂಗಳದ ಜಗಳದಲ್ಲಿ ಹೋದ. 1818ಕ್ಕೆ ಪೇಶ್ವೆಯೇ ಇಲ್ಲವಾದ. ಹಾಗಾದರೆ 1790ರ ಮೈತ್ರಿ ಸಫಲವೋ ವಿಫಲವೋ? 1792ರಲ್ಲಿ ನಿಂತು ನೋಡಿದರೆ ಒಂದು ಉತ್ತರ, 1818ರಲ್ಲಿ ನಿಂತು ನೋಡಿದರೆ ಇನ್ನೊಂದು. ಮೈಸೂರು ನಡುವೆ ಇದ್ದಷ್ಟು ದಿನ ಕಂಪನಿಗೆ ಮರಾಠರ ಸ್ನೇಹ ಬೇಕಿತ್ತು. ಆ ಗೋಡೆ ಕೆಡವಲು ಮರಾಠರೇ ಹಾರೆ ಹಿಡಿದರು.

ಆಮೇಲಿನ ಕತೆ ಬೇಗ ಹೇಳಬಹುದು, ಏಕೆಂದರೆ ಜಾಡು ಒಂದೇ. 1800ರಲ್ಲಿ ಬಂಡುಕೋರ ಧೋಂಡಿಯ ವಾಘನ ಬೆನ್ನು ಹತ್ತಿ ಕಂಪನಿಯ ದಳಪತಿ ಆರ್ಥರ್ ವೆಲ್ಲೆಸ್ಲಿ ಬಂದಾಗ, ಅವನಿಗಿಂತ ಮೊದಲೇ ಧೋಂಡಿಯನಿಗೆ ಎದುರಾದ ಮರಾಠ ಸರದಾರ ಧೋಂಡೋಪಂತ್ ಗೋಖಲೆ ಕಿತ್ತೂರಿನ ಆಸುಪಾಸಿನಲ್ಲಿ ಹತನಾದ. ಕೂಡಿ ಹೊಡೆಯುವ ಮುನ್ನವೇ ಒಬ್ಬ ಮಿತ್ರ ಮುರಿದುಬಿದ್ದಿದ್ದ. 1803ರಲ್ಲಿ ವೆಲ್ಲೆಸ್ಲಿ ಪುಣೆಗೆ ನಡೆದಾಗ, ಆಮೇಲೆ ಸಿಂಧಿಯಾನ ಮೇಲೆ ಹೋದಾಗ, ಅವನ ಜೊತೆ ನಿಪ್ಪಾಣಿಯ ಅಪ್ಪಾ ದೇಸಾಯಿಯ ಸವಾರರೂ ಇದ್ದರು. ಅಪ್ಪಾ ದೇಸಾಯಿ ಎಂದರೆ ನಾವು ಮೊದಲು ಕಂಡ ಸಿದ್ದೋಜಿರಾವ್ ನಿಂಬಾಳ್ಕರನೇ, ಸರಲಷ್ಕರ್ ಎಂಬ ಬಿರುದಿನವನು. ಈ ಸರದಾರರಿಗೆ ಪೇಶ್ವೆಯಿಂದ ಸಲ್ಲಬೇಕಾದದ್ದು ಸಲ್ಲುತ್ತಿಲ್ಲ ಎಂಬ ಚಿಂತೆ ವೆಲ್ಲೆಸ್ಲಿಯ ಪತ್ರಗಳಲ್ಲಿ ಕಾಣುತ್ತದೆ. ಅದೇ ಸಿದ್ದೋಜಿರಾವ್ 1839ರಲ್ಲಿ ಔರಸ ಸಂತಾನವಿಲ್ಲದೆ ತೀರಿಕೊಂಡಾಗ ಕಂಪನಿ ನಿಪ್ಪಾಣಿಯನ್ನು ಖಾಲಸಾ ಮಾಡಿಕೊಂಡಿತು. 1818ರಲ್ಲಿ ಬೆಳಗಾವಿ ಕೋಟೆ ಗೆಲ್ಲಲು ಕಂಪನಿಯ ಮನ್ರೋಗೆ ನೆರವಾದ ಕಿತ್ತೂರಿನ ದತ್ತಕವನ್ನು 1824ರಲ್ಲಿ ಕಂಪನಿ ಒಪ್ಪದೆ ಹೋದದ್ದೂ, ಆ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತದ್ದೂ, ರಾಣಿ ಚೆನ್ನಮ್ಮನ ಹೋರಾಟವೂ ಎಲ್ಲರಿಗೂ ಗೊತ್ತು. ಆರು ವರ್ಷದ ಹಿಂದಿನ ಮುಯ್ಯಿಯನ್ನು ಧಾರವಾಡದ ಕಚೇರಿಯಲ್ಲಿ ಯಾರೂ ನೆನೆಯಲಿಲ್ಲ.

ಆದರೆ ಇದೇ ನೆಲದಲ್ಲಿ ಇದಕ್ಕೆ ಹೊಂದದ ಊರೊಂದಿದೆ, ರಾಯಬಾಗ. ಕಂಪನಿಯಿಂದ ಪೆಟ್ಟು ತಿಂದೂ ಕೊಲ್ಹಾಪುರ ಸಂಸ್ಥಾನ ಉಳಿಯಿತು, ರಾಯಬಾಗ 1949ರಲ್ಲಿ ವಿಲೀನವಾಗುವವರೆಗೆ ಅದರ ಭಾಗವಾಗಿಯೇ ಇತ್ತು. ಹಾಗಾಗಿ ದೊಡ್ಡವರ ಸ್ನೇಹ ಯಾವಾಗಲೂ ಚಿಕ್ಕವರನ್ನು ನುಂಗುತ್ತದೆ ಎಂದು ಬರೆದು ಮುಗಿಸಲು ನಾನು ಸಿದ್ಧನಿಲ್ಲ. ನಿಪ್ಪಾಣಿ ಅಳಿಯಿತು, ಕೊಲ್ಹಾಪುರ ಉಳಿಯಿತು. ಉಳಿದದ್ದಕ್ಕೆ ಅದು ಕೊಟ್ಟ ಬೆಲೆ ಚಿಕ್ಕೋಡಿ.

ಎರಡು ಮಹಾಯುದ್ಧಗಳನ್ನು ಈ ಲೆಕ್ಕಕ್ಕೆ ನಾನು ಸೇರಿಸುವುದಿಲ್ಲ. ಮರಾಠಾ ಪಲ್ಟಣಗಳು ಮೆಸೊಪೊಟೇಮಿಯಾದ ಕುಟ್‌ನಲ್ಲಿ ಹಸಿದು ಸತ್ತದ್ದು, ಇಟಲಿಯಲ್ಲಿ ಯಶವಂತ ಘಾಡ್ಗೆ, ನಾಮದೇವ ಜಾಧವ ವಿಕ್ಟೋರಿಯಾ ಕ್ರಾಸ್ ಗಳಿಸಿದ್ದು ಶೌರ್ಯದ ಅಧ್ಯಾಯಗಳು. ಮೈತ್ರಿಯ ಅಧ್ಯಾಯಗಳಲ್ಲ. ಬೇಡ ಎನ್ನುವ ಸ್ವಾತಂತ್ರ್ಯ ಇಲ್ಲದವನು ಮಿತ್ರನಾಗಲಾರ.

ಸ್ವತಂತ್ರ ದೇಶವಾಗಿ ಭಾರತ ತಾನೇ ದೊಡ್ಡ ಮಿತ್ರನ ಜಾಗದಲ್ಲಿ ನಿಂತಾಗ ಏನಾಯಿತು? 1987ರ ಜುಲೈ 29ರ ಒಪ್ಪಂದದಂತೆ ಶ್ರೀಲಂಕೆಗೆ ಹೋದ ಶಾಂತಿಪಾಲನಾ ಪಡೆ 1990ರ ಮಾರ್ಚಿನಲ್ಲಿ ಮರಳಿತು. ಸುಮಾರು 1,200 ಸೈನಿಕರು ಮರಳಲಿಲ್ಲ. ಕರೆದ ಸರ್ಕಾರದ ನಂತರ ಬಂದ ಪ್ರೇಮದಾಸ ಸರ್ಕಾರ, ನಮ್ಮ ಪಡೆ ಯಾರ ವಿರುದ್ಧ ಹೋರಾಡುತ್ತಿತ್ತೋ ಅದೇ ಎಲ್‌ಟಿಟಿಇಗೆ ಶಸ್ತ್ರ ಕೊಟ್ಟಿತು. ಬಿದನೂರಿನ ದಾರಿಯೇ ಇದು, ಗುರಿಗಳು ನಡುವೆ ಕವಲೊಡೆದದ್ದು. ಅದೇ ಕಾಲದಲ್ಲಿ, 1988ರ ನವೆಂಬರ್ 3ರಂದು, ಮಾಲ್ಡೀವ್ಸ್‌ನಲ್ಲಿ ಕ್ಷಿಪ್ರಕ್ರಾಂತಿ ನಡೆಸಲು ಬಾಡಿಗೆ ಬಂದೂಕುಧಾರಿಗಳು ನುಗ್ಗಿದಾಗ, ಕರೆ ಬಂದ ದಿನದ ರಾತ್ರಿಯೇ ನಮ್ಮ ಪ್ಯಾರಾ ಸೈನಿಕರು ಹುಲುಲೆ ವಿಮಾನ ನಿಲ್ದಾಣದಲ್ಲಿ ಇಳಿದರು. ಹದಕ್ಕೆ ಬಂದ ದಂಡು ಎಂದರೆ ಅದು. ಕೆಲಸ ಸ್ಪಷ್ಟವಿತ್ತು, ಮುಗಿದ ಮೇಲೆ ಹೆಚ್ಚಿನವರು ಬೇಗ ಹಿಂದಿರುಗಿದರು.

ಈಗ ಬೆಳಗಾವಿಗೆ ಬರೋಣ. 1922ರಿಂದ ಮರಾಠಾ ಲಘು ಪದಾತಿದಳದ ತರಬೇತಿ ಕೇಂದ್ರ ಅಲ್ಲಿದೆ. ಕಮಾಂಡೊ ತರಬೇತಿಯ ಜೂನಿಯರ್ ಲೀಡರ್ಸ್ ವಿಂಗ್ ಅಲ್ಲಿದೆ. ವಿದೇಶಿ ಪಡೆಗಳ ಜೊತೆ ಅಭ್ಯಾಸ ಮಾಡಲೆಂದೇ ಒಂದು ತರಬೇತಿ ನೆಲೆಯೂ ಇದೆ. 2008ರ ಡಿಸೆಂಬರಿನಲ್ಲಿ, ಮುಂಬಯಿ ದಾಳಿಯ ಹೊಗೆ ಇನ್ನೂ ಆರಿರದ ದಿನಗಳಲ್ಲಿ, ಚೀನಾದ ಸೈನಿಕರು ‘ಹ್ಯಾಂಡ್ ಇನ್ ಹ್ಯಾಂಡ್’ ಎಂಬ ಜಂಟಿ ಅಭ್ಯಾಸಕ್ಕೆ ಇಲ್ಲಿಗೆ ಬಂದರು. ಹಿಂದಿನ ವರ್ಷ ನಮ್ಮವರು ಕುನ್‌ಮಿಂಗ್‌ಗೆ ಹೋಗಿದ್ದರು. ಭಯೋತ್ಪಾದಕರನ್ನು ಒಟ್ಟಿಗೆ ಹಿಮ್ಮೆಟ್ಟಿಸುವ ಪಾಠ, ಕೈಕುಲುಕು, ಫೋಟೊ. 2017ರಲ್ಲಿ ಡೋಕ್ಲಾಮ್‌ನಲ್ಲಿ 73 ದಿನ ಎರಡೂ ಸೇನೆಗಳು ಎದುರುಬದುರು ನಿಂತವು, ಆ ವರ್ಷದ ಅಭ್ಯಾಸ ನಡೆಯಲಿಲ್ಲ. 2018ರಲ್ಲಿ ಮತ್ತೆ ನಡೆಯಿತು. 2020ರ ಜೂನ್ 15ರ ರಾತ್ರಿ ಗಾಲ್ವಾನ್‌ನಲ್ಲಿ ನಮ್ಮ 20 ಸೈನಿಕರು ಸತ್ತರು.

ಆ ಅಭ್ಯಾಸಗಳು ವ್ಯರ್ಥವೇ ಎಂದರೆ ನಾನು ತಟ್ಟನೆ ಹೌದೆನ್ನಲಾರೆ. ಒಬ್ಬರ ನಡೆಯನ್ನು ಇನ್ನೊಬ್ಬರು ಹತ್ತಿರದಿಂದ ನೋಡಿದ್ದಕ್ಕೂ ಬೆಲೆ ಇದೆ, ವಿರೋಧಿಯಾದರೆ ಇನ್ನೂ ಹೆಚ್ಚು. ಆದರೆ ಅವು ನಂಬಿಕೆ ಕಟ್ಟಲೆಂದು ಹೂಡಿದ ಅಭ್ಯಾಸಗಳು. ನಂಬಿಕೆಯ ಬುಡದಲ್ಲಿ ಗಡಿಯ ತಕರಾರು ಹಾಗೇ ಇತ್ತು. ಬುಡದ ತಕರಾರು ಮುಟ್ಟದ ಅಭ್ಯಾಸ ಎಷ್ಟು ವರ್ಷ ನಡೆದರೂ ಅದು ಮುಯ್ಯಿಯಾಗುವುದಿಲ್ಲ, ಜಾತ್ರೆಯ ಭೇಟಿಯಾಗುತ್ತದೆ. ಇದು ನನ್ನ ಖಚಿತ ಅಭಿಪ್ರಾಯ.

2022ರ ಫೆಬ್ರವರಿ 27ರಿಂದ ಮಾರ್ಚ್ 10ರವರೆಗೆ ಅದೇ ಬೆಳಗಾವಿಯಲ್ಲಿ ಜಪಾನಿನ 30ನೆಯ ಪದಾತಿ ರೆಜಿಮೆಂಟಿನವರೂ ನಮ್ಮ ಮರಾಠಾ ಲಘು ಪದಾತಿದಳದ 15ನೆಯ ಪಲ್ಟಣದವರೂ ‘ಧರ್ಮ ಗಾರ್ಡಿಯನ್’ ಅಭ್ಯಾಸ ಮಾಡಿದರು. ಕಾಡಿನಲ್ಲಿ, ಊರಂಚಿನಲ್ಲಿ ಕಾರ್ಯಾಚರಣೆಯೇ ಇಲ್ಲೂ ಪಾಠ. ಹೊರನೋಟಕ್ಕೆ 2008ಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ಕಾಣದು. ವ್ಯತ್ಯಾಸ ಇರುವುದು ಮೈದಾನದ ಹೊರಗೆ. ಜಪಾನಿಗೂ ನಮಗೂ ನೆಲದ ಜಗಳವಿಲ್ಲ, ಕಳವಳ ಒಂದೇ ದಿಕ್ಕಿನದು. ಆದರೂ ಕಷ್ಟದ ಗಳಿಗೆ ಬಂದಾಗ ಯಾರು ಯಾರಿಗಾಗಿ ಬರುತ್ತಾರೆಂಬ ಕರಾರು ಇಬ್ಬರ ನಡುವೆ ಇಲ್ಲ. ಹದ ಬಂದು ನೋಡದೆ ಈ ಮುಯ್ಯಿಯನ್ನು ತೂಗಲಾಗದು.

ಇಂಥ ಅಭ್ಯಾಸಗಳಿಂದ ಹೊರಬರುವ ಸುದ್ದಿಯಲ್ಲಿ ಸಿಗುವುದು ಎಷ್ಟು ದಿನ, ಎಷ್ಟು ಸೈನಿಕರು, ಯಾವ ಆಯುಧ ಎಂಬ ಪಟ್ಟಿ. ಪಟ್ಟಿಯನ್ನೇ ಫಲವೆಂದು ನಂಬಿದರೆ ಏನಾಗುತ್ತದೆಂದು ಅಫ್ಘಾನಿಸ್ತಾನ ತೋರಿಸಿತು. ಅಲ್ಲಿನ ಭದ್ರತಾ ಪಡೆಗಳನ್ನು ಕಟ್ಟಲು ಅಮೆರಿಕ ಇಪ್ಪತ್ತು ವರ್ಷದಲ್ಲಿ ಸುಮಾರು 8,800 ಕೋಟಿ ಡಾಲರ್ ಸುರಿಯಿತು. ಕಾಗದದ ಮೇಲೆ ಮೂರು ಲಕ್ಷ ಜನರ ಪಡೆ. ಇಲ್ಲದ ಸೈನಿಕರ ಹೆಸರಿನಲ್ಲಿ ಸಂಬಳ ಹೋಗುತ್ತಿದೆ ಎಂದು ಅಮೆರಿಕ ಸರ್ಕಾರವೇ ನೇಮಿಸಿದ ತಪಾಸಣಾಧಿಕಾರಿಯ ಕಚೇರಿ ಮತ್ತೆ ಮತ್ತೆ ಬರೆಯಿತು. 2021ರ ಆಗಸ್ಟ್ 15ರಂದು ಕಾಬೂಲ್ ಬಿತ್ತು. ವರದಿಗಳಲ್ಲಿ ತರಬೇತಿ ಪಡೆದವರ ಸಂಖ್ಯೆ ಇತ್ತು. ಸಂಬಳ ತಪ್ಪಿದ, ವಿಮಾನ ದುರಸ್ತಿಗೆ ಪರದೇಶಿ ಗುತ್ತಿಗೆದಾರರನ್ನೇ ನೆಚ್ಚಿದ ಪಡೆ ಮಿತ್ರ ಹೊರಟ ಮರುದಿನ ಯಾರಿಗಾಗಿ ಹೋರಾಡಬೇಕು ಎಂಬುದಕ್ಕೆ ಕಾಲಂ ಇರಲಿಲ್ಲ. ಆದರೂ ಅಮೆರಿಕದ ಒಂದು ಪದ್ಧತಿ ನಮಗೆ ಬೇಕು. ಸೋತ ಕೆಲಸದ ವರದಿಯನ್ನು ತನ್ನದೇ ತಪಾಸಕನಿಂದ ಬರೆಸಿ ಸಾರ್ವಜನಿಕವಾಗಿ ಇಡುವ ಪದ್ಧತಿ. ನಮ್ಮಲ್ಲಿ ಅಭ್ಯಾಸದ ಸಮಾರೋಪದ ಭಾಷಣ ಸಿಗುತ್ತದೆ, ಅಭ್ಯಾಸದಿಂದ ಕಲಿತದ್ದೇನೆಂಬ ಬರಹ ಸಿಗುವುದಿಲ್ಲ. ಗುಟ್ಟಾಗಿ ಇಡಬೇಕಾದದ್ದನ್ನು ಇಡಲಿ. ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ಮುಂದಾದರೂ, ಐದು ವರ್ಷಕ್ಕೊಮ್ಮೆ, ಯಾವ ದೇಶದ ಜೊತೆ ಎಷ್ಟು ಸಲ ಕೂಡಿದೆವು, ಅಗತ್ಯ ಬಿದ್ದಾಗ ಅದು ಏನು ಮಾಡಿತು ಎಂಬ ಲೆಕ್ಕ ಬರಬೇಕು.

ಯುದ್ಧಕ್ಕಿಂತ ಹೆಚ್ಚು ಸಲ ಬರುವ ಅಗತ್ಯ ನೀರಿನದು. 2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗಾ, ವೇದಗಂಗಾ ತುಂಬಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ನದಿತೀರದ ಊರುಗಳು ಮುಳುಗಿದವು. ಸೇನೆಯ ದೋಣಿಗಳು ಬಂದವು. ಮೇಲೆ ಕೊಯ್ನಾದಿಂದ ಎಷ್ಟು ಬಿಟ್ಟರು, ಕೆಳಗೆ ಆಲಮಟ್ಟಿಯಲ್ಲಿ ಎಷ್ಟು ತಡೆದರು ಎಂದು ಸಾಂಗ್ಲಿಯವರೂ ನಾವೂ ಬೆರಳು ತೋರಿಸಿಕೊಂಡೆವು. ಆಮೇಲೆ ಎರಡೂ ರಾಜ್ಯದವರು ಕೂತು ನೀರಿನ ಲೆಕ್ಕ ಹಂಚಿಕೊಳ್ಳುವ ಮಾತಾಡಿದರು. ಕಾರ್ನ್‌ವಾಲಿಸ್‌ಗೆ ತಲುಪದ ಕಾಗದ ಇನ್ನೂರು ವರ್ಷದ ಮೇಲೆ ಅಣೆಕಟ್ಟಿನ ಸಂದೇಶದ ರೂಪದಲ್ಲಿ ನಮ್ಮದೇ ನದಿಯಲ್ಲಿ ತೊಡಕಾಯಿತು. ಪ್ರಕೃತಿ ವಿಕೋಪದಲ್ಲಿ ಕೂಡಿ ದುಡಿಯುವುದನ್ನೂ ಮಿತ್ರದೇಶಗಳ ಅಭ್ಯಾಸಗಳಲ್ಲಿ ಕಲಿಸುತ್ತಾರೆ. ಬೇಗ ಪರೀಕ್ಷೆಗೆ ಬರುವ ಪಾಠ ಅದೇ.

ಮಾಲ್ಡೀವ್ಸ್‌ನ ಸೈನಿಕರೂ 2017ರ ಡಿಸೆಂಬರಿನಲ್ಲಿ ‘ಏಕುವೇರಿನ್’ ಅಭ್ಯಾಸಕ್ಕೆ ಬೆಳಗಾವಿಗೆ ಬಂದಿದ್ದರು. ಅವರ ಧಿವೇಹಿ ಭಾಷೆಯಲ್ಲಿ ಆ ಹೆಸರಿಗೆ ಗೆಳೆಯರು ಎಂದರ್ಥ. ಆರು ವರ್ಷದ ಮೇಲೆ, 2023ರಲ್ಲಿ, ಭಾರತದ ಸೈನಿಕರು ಹೊರಡಬೇಕು ಎಂದು ಹೇಳಿಯೇ ಮೊಹಮ್ಮದ್ ಮುಯಿಝು ಅಲ್ಲಿ ಚುನಾವಣೆ ಗೆದ್ದರು. 2024ರ ಮೇ 10ರೊಳಗೆ ನಮ್ಮ ಸೈನಿಕರು ಹಿಂದಿರುಗಿದರು. ಅವರು ನಡೆಸುತ್ತಿದ್ದ ಎರಡು ಹೆಲಿಕಾಪ್ಟರುಗಳೂ ಒಂದು ಡೋರ್ನಿಯರ್ ವಿಮಾನವೂ ಮಾತ್ರ ಹೋಗಲಿಲ್ಲ. ಅವುಗಳನ್ನು ನಡೆಸಲು ಸಮವಸ್ತ್ರವಿಲ್ಲದ ತಂತ್ರಜ್ಞರನ್ನು ಭಾರತ ಕಳಿಸಿತು. ದೂರದ ದ್ವೀಪಗಳ ರೋಗಿಗಳನ್ನು ಮಾಲೆಯ ಆಸ್ಪತ್ರೆಗೆ ತರುವ ಕೆಲಸ ಅವುಗಳದ್ದು.